ನಯಾಗರ ನೋಡಲು ಹೊರಟ ಶಾಂತಕ್ಕ

ನಾನು ಓದಿದ್ದು ಏಳನೇ ಕ್ಲಾಸಿನ ತನಕ. ಹೊನ್ನಾವರದ ಕಡೆಯವನು. ಸರಕು ಹಡಗಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಸಮುದ್ರ ಸುತ್ತಿ, ಗೋಥೆನ್‌ಬರ್ಗ್ ಬಂದರಿನಲ್ಲಿ ಇಳಿದವನು ಮತ್ತೆ ಹಡಗು ಹತ್ತಲಿಲ್ಲ. ಮೊದಲು ಇಲ್ಲಿನ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಎತ್ತಿದೆ. ಸ್ವೀಡಿಷ್ ಭಾಷೆ ಬಾಯಿಗೆ ಹತ್ತಿದ ಮೇಲೆ ಚೆಕ್-ಇನ್ ಕೌಂಟರಿನ ಕುರ್ಚಿಗೆ ಬಂದೆ. ನಿವೃತ್ತಿಯ ತನಕ ಆ ಕುರ್ಚಿಯನ್ನು ಬಿಡಲಿಲ್ಲ. ಯಾರ ಶಿಫಾರಸೂ ಇಲ್ಲದೆ, ಒಂದು ದಿನವೂ ತಡ ಮಾಡದೆ ದುಡಿದೆ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಈಗ ನಮ್ಮವರ ಮಕ್ಕಳೇ ಆ ಕೌಂಟರಿಗೆ ಬರುತ್ತಿದ್ದಾರೆ. ಮೊನ್ನೆ ಇಲ್ಲಿನ ಕನ್ನಡ ಸಂಘದ ಯುಗಾದಿ ಊಟದಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, "ಅಂಕಲ್, ಅದರಲ್ಲಿ ಏನಿದೆ? ಪಾಸ್‌ಪೋರ್ಟ್ ಸ್ಕ್ಯಾನ್ ಮಾಡೋದು, ಬ್ಯಾಗ್‌ಗೆ ಟ್ಯಾಗ್ ಹಾಕೋದು, ಅಷ್ಟೇ ಅಲ್ವಾ?" ಎಂದಳು. ಅಷ್ಟೇ ಅಲ್ಲ ಮಗಾ. ಏನಿದೆ ಎಂದು ಇಲ್ಲಿ ಬರೆದಿಡುತ್ತೇನೆ.

ಅಮೆರಿಕಕ್ಕೆ ಹೋಗುವವರ ಮಟ್ಟಿಗೆ ಅಲ್ಲಿನ ಗಡಿ ಶುರುವಾಗುವುದು ನಮ್ಮ ಕೌಂಟರಿನಲ್ಲೇ. ಗೋಥೆನ್‌ಬರ್ಗಿನಿಂದ ಹೊರಟವರು ಫ್ರಾಂಕ್‌ಫರ್ಟಿನಲ್ಲೋ ಆಮ್‌ಸ್ಟರ್‌ಡ್ಯಾಮಿನಲ್ಲೋ ವಿಮಾನ ಬದಲಿಸುತ್ತಾರೆ. ಆದರೆ ಕಾಗದಪತ್ರ ಮೊದಲು ನೋಡುವವರು ನಾವು. ಅಲ್ಲಿ ಒಳಗೆ ಬಿಡದಿದ್ದರೆ ವಿಮಾನ ಕಂಪನಿಯೇ ವಾಪಸ್ ಕರೆತರಬೇಕು, ದಂಡವನ್ನೂ ಕಟ್ಟಬೇಕು. ಕೊನೆಗೆ 'ಇವರನ್ನು ಹತ್ತಿಸಿದವರು ಯಾರು' ಎಂಬ ಪ್ರಶ್ನೆ ನಮ್ಮ ಹತ್ತಿರ ಬರುತ್ತದೆ. ಹಾಗೆಂದು ಸುಮ್ಮನೆ ತಡೆದರೆ, ಯಾರದೋ ಮದುವೆ, ಯಾರದೋ ಸಾವು ತಪ್ಪಿಹೋಗುತ್ತದೆ. ಬೋರ್ಡಿಂಗ್ ಪಾಸ್ ಕೊಟ್ಟ ಮೇಲೂ ಎದೆಯೊಳಗೆ ಒಂದು ಕಲ್ಲು ಕೂತಿರುತ್ತಿತ್ತು. ಹತ್ತಿಸಿದವರು ಆಚೆ ದಾಟಿದರೋ ಇಲ್ಲವೋ ಎಂದು ನಮಗೆ ಯಾರೂ ಹೇಳುವುದಿಲ್ಲ. ಮುಂದಿನವರು ಪೆಟ್ಟಿಗೆ ಇಟ್ಟಾಗಿರುತ್ತದೆ.

ನಾನು ಸೇರಿದಾಗ ದಪ್ಪದೊಂದು ನಿಯಮದ ಪುಸ್ತಕವಿತ್ತು. ಸಣ್ಣ ಅಕ್ಷರ. ಅನುಮಾನ ಬಂದರೆ ಫೋನ್ ಮಾಡಿ ಕೇಳಬೇಕಿತ್ತು. ಆಮೇಲೆ ಕಂಪ್ಯೂಟರ್ ಬಂತು. ಹಸಿರು ಬಂದರೆ ಕಳಿಸು, ಕೆಂಪು ಬಂದರೆ ನಿಲ್ಲಿಸು. ಕೆಲಸ ಹಗುರಾಯಿತು ಎಂದು ಎಲ್ಲರೂ ಕುಣಿದರು. ಆದರೆ ಹಸಿರು ಬಂದವರ ಕಣ್ಣಿನಲ್ಲೂ ಹೆದರಿಕೆ ಇದ್ದರೆ ಏನು ಮಾಡಬೇಕೆಂದು ಆ ಪರದೆ ಹೇಳುವುದಿಲ್ಲ.

ಅಮೆರಿಕದ ವಿಷಯದಲ್ಲಿ ಜನರಿಗೆ ಏನೂ ಗೊತ್ತಿಲ್ಲ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಎಲ್ಲರಿಗೂ ಒಂದೊಂದು ಗೊತ್ತಿರುತ್ತದೆ. "ನಮ್ಮ ಭಾವ ಹೀಗೇ ಹೋಗಿದ್ರು" ಎನ್ನುತ್ತಾರೆ. ಭಾವ ಹೋಗಿದ್ದು ನಿಜವೇ. ಆದರೆ ಭಾವನ ಪಾಸ್‌ಪೋರ್ಟ್ ಬೇರೆ, ವೀಸಾ ಬೇರೆ, ವರ್ಷವೂ ಬೇರೆ.

ಹೊಸದಾಗಿ ಮದುವೆಯಾದ ಜೋಡಿಯೊಂದು ಮೆಕ್ಸಿಕೋಗೆ ಹೊರಟಿತ್ತು. ನಡುವೆ ಅಮೆರಿಕದಲ್ಲಿ ವಿಮಾನ ಬದಲಾವಣೆ. ಹುಡುಗ ಬೆಂಗಳೂರಿನವನು, ಭಾರತದ ಪಾಸ್‌ಪೋರ್ಟ್, ಇಲ್ಲಿ ಕೆಲಸದ ಪರ್ಮಿಟ್. ಹುಡುಗಿ ಇಲ್ಲೇ ಬೆಳೆದವಳು, ಸ್ವೀಡನ್ನಿನ ಪಾಸ್‌ಪೋರ್ಟ್.

"ನಾವು ಅಮೆರಿಕಾಗೆ ಹೋಗ್ತಾನೇ ಇಲ್ಲ ಅಂಕಲ್. ಏರ್‌ಪೋರ್ಟ್ ಒಳಗೇ ಕೂತಿರ್ತೀವಿ" ಎಂದ ಹುಡುಗ.

ಫ್ರಾಂಕ್‌ಫರ್ಟಿನಲ್ಲಿ ಕೂರುವ ಹಾಗೆ ಅಲ್ಲಿ ಕೂರಲು ಜಾಗವಿಲ್ಲ. ಇಳಿದವರೆಲ್ಲ ಅವರ ಗಡಿ ದಾಟಿ ಒಳಗೆ ಹೋಗಿಯೇ ಮುಂದಿನ ವಿಮಾನ ಹತ್ತಬೇಕು. ಹುಡುಗಿಗೆ ಅಲ್ಲಿನ ಅನುಮತಿ ಇತ್ತು; ಹುಡುಗನಿಗೆ ಮೆಕ್ಸಿಕೋದ ವೀಸಾ ಇತ್ತು, ಅಮೆರಿಕದ್ದು ಇರಲಿಲ್ಲ. "ಹಾಗಾದ್ರೆ ನಾನೊಬ್ಳೇ ಹನಿಮೂನ್ ಮುಗಿಸ್ಕೊಂಡು ಬರ್ಲಾ?" ಎಂದು ಅವಳು ನಕ್ಕಳು. ಅವನು ನಗಲಿಲ್ಲ. ಕೊನೆಗೆ ಅಮೆರಿಕ ಮುಟ್ಟದ ದಾರಿಯಲ್ಲಿ, ಮರುದಿನದ ವಿಮಾನದಲ್ಲಿ ಇಬ್ಬರನ್ನೂ ಕಳಿಸಿದೆವು.

ಇನ್ನೊಬ್ಬರು ಇಲ್ಲಿಂದ ದೂರದ ಶೋವ್ಡೆ ಊರಿನ ಎಂಜಿನ್ ಕಾರ್ಖಾನೆಯವರು. ಅವರ ಅಮೆರಿಕದ ವೀಸಾ ಇದ್ದದ್ದು ಅವಧಿ ಮುಗಿದ ಹಳೆಯ ಪಾಸ್‌ಪೋರ್ಟಿನಲ್ಲಿ. ವೀಸಾದ ತಾರೀಖು ಮುಗಿದಿರಲಿಲ್ಲ, ಹಳೆಯದನ್ನೂ ಹೊಸದನ್ನೂ ಜೊತೆಗಿಟ್ಟುಕೊಂಡಿದ್ದರೆ ಸಾಕಿತ್ತು. ಹೆಂಡತಿ, "ಎಕ್ಸ್‌ಪೈರ್ ಆಗಿರೋದನ್ನ ಯಾಕೆ ಹೊತ್ಕೊಂಡು ಹೋಗ್ತೀರಿ" ಎಂದು ತೆಗೆದು ಬೀರುವಿನಲ್ಲಿಟ್ಟಿದ್ದರು. ಅಲ್ಲಿಂದ ಅದು ಬರುವಷ್ಟರಲ್ಲಿ ವಿಮಾನ ಹೋಗಿತ್ತು. ಆ ಮನುಷ್ಯ ಫೋನಿನಲ್ಲಿ ಹೆಂಡತಿಗೆ ಒಂದು ಮಾತೂ ಬೈಯಲಿಲ್ಲ. ಅದು ನನಗೆ ಈಗಲೂ ನೆನಪಿದೆ.

ನನ್ನ ಮೇಲಿನ ಅಧಿಕಾರಿ ಇಂಗ್ರಿಡ್. ಸ್ವೀಡಿಷಿನಲ್ಲಿ ಎಲ್ಲರೂ ಎಲ್ಲರಿಗೂ 'ನೀನು'. ಆದರೆ ಅವಳ 'ನೀನು'ವಿನಲ್ಲೇ ಒಂದು ಗತ್ತಿತ್ತು. ಒಮ್ಮೆ ನಮ್ಮ ಕೌಂಟರಿನವನೊಬ್ಬ ಪ್ರಯಾಣಿಕರೊಬ್ಬರಿಗೆ, 'ಅಲ್ಲಿ ಕೇಳಿದರೆ ಹೀಗೆ ಹೇಳಿ' ಎಂದು ಬುದ್ಧಿ ಹೇಳಿದ್ದ. ಆ ಪುಣ್ಯಾತ್ಮ ಅಲ್ಲಿಗೆ ಹೋಗಿ, 'ಗೋಥೆನ್‌ಬರ್ಗ್ ಕೌಂಟರಿನವರು ಹೀಗೆ ಹೇಳು ಅಂದರು' ಎಂದೇ ಹೇಳಿದ. ವಾಪಸ್ ಬಂದ. ಜೊತೆಗೆ ದೂರೂ ಬಂತು. ಅಂದಿನಿಂದ ಇಂಗ್ರಿಡ್‌ಳದು ಒಂದೇ ನಿಯಮ: "ನಾವು ಕಾಗದ ನೋಡುತ್ತೇವೆ. ಗಡಿಯಲ್ಲಿ ಏನು ಮಾತಾಡಬೇಕು ಅನ್ನೋದು ನಮ್ಮ ಬಾಯಿಂದ ಬರಬಾರದು. ಯಾರಿಗೂ. ನಿನ್ನ ದೇಶದವರಿಗೂ." ನನಗೂ ಅದು ಸರಿಯೆಂದೇ ಕಂಡಿತ್ತು. ಶಾಂತಕ್ಕ ಬರುವ ತನಕ.

ಅದು 2017. ಆ ವರ್ಷದ ಆರಂಭದಲ್ಲಿ ಅಮೆರಿಕದ ಹೊಸ ಸರ್ಕಾರ ಕೆಲವು ದೇಶಗಳವರು ಬರುವುದನ್ನು ತಡೆದಿತ್ತು. ಆ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಆದರೆ ನಮ್ಮ ವಾಟ್ಸ್ಆಪ್ ಗುಂಪಿಗೆ ಅಷ್ಟು ಸಾಕಾಯಿತು. ಕಂದು ಮೈಯವರನ್ನೆಲ್ಲ ಹಿಡಿಯುತ್ತಾರಂತೆ, ಫೋನ್ ಕಿತ್ತುಕೊಳ್ಳುತ್ತಾರಂತೆ, ಹುಟ್ಟಿದ ಊರು ಇಂಡಿಯಾ ಅಂತ ಇದ್ದರೆ ಸ್ವೀಡನ್ ಪಾಸ್‌ಪೋರ್ಟೂ ನಡೆಯೋದಿಲ್ಲವಂತೆ. ಅಂತೆಗಳಿಗೆ ಲೆಕ್ಕವೇ ಇರಲಿಲ್ಲ. ಕೌಂಟರಿಗೆ ಬಂದವರು ಪಾಸ್‌ಪೋರ್ಟ್ ಕೊಡುವ ಮೊದಲೇ 'ನಮ್ಮನ್ನ ಒಳಗೆ ಬಿಡ್ತಾರಾ' ಎಂದು ಕೇಳುತ್ತಿದ್ದರು.

ಶಾಂತಕ್ಕ ಗೋಥೆನ್‌ಬರ್ಗಿನ ಒಂದು ಡಾಗಿಸ್‌ನಲ್ಲಿ, ಅಂದರೆ ಪುಟ್ಟ ಮಕ್ಕಳನ್ನು ಹಗಲು ನೋಡಿಕೊಳ್ಳುವ ಶಾಲೆಯಲ್ಲಿ, ಕೆಲಸಕ್ಕಿದ್ದವರು. ಮೈಸೂರಿನ ಕಡೆಯವರು. ನನಗಿಂತ ಚಿಕ್ಕವರಾದರೂ ಸಂಘದಲ್ಲಿ ಎಲ್ಲರಿಗೂ ಶಾಂತಕ್ಕ, ನನಗೂ ಅಷ್ಟೇ. ಮಗಳು ದೀಪಾಳನ್ನು ಅಮೆರಿಕದ ಮಿನಿಯಾಪೊಲಿಸ್‌ಗೆ ಕೊಟ್ಟಿದ್ದರು. ಅವಳ ಮೊದಲ ಹೆರಿಗೆಯ ಹೊತ್ತಿಗೆ ಶಾಂತಕ್ಕನದು ಇನ್ನೂ ಭಾರತದ ಪಾಸ್‌ಪೋರ್ಟ್. ವೀಸಾದ ಸಂದರ್ಶನಕ್ಕೆ ಕಾದು, ಕಾಗದ ಕೈಗೆ ಸಿಕ್ಕಿ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗು ಉಳಿದಿರಲಿಲ್ಲ. "ನಾನು ಹೋಗಿ ಖಾಲಿ ತೊಟ್ಟಿಲು ನೋಡ್ಕೊಂಡು ಬಂದೆ" ಎಂದಷ್ಟೇ ಒಮ್ಮೆ ನನ್ನ ಹತ್ತಿರ ಹೇಳಿದ್ದರು. ಅದಾದ ಮೇಲೆ ಅವರು ಸ್ವೀಡನ್ನಿನ ಪೌರತ್ವ ತೆಗೆದುಕೊಂಡರು. ಇನ್ನು ಮಗಳ ಹತ್ತಿರ ಹೋಗಲು ವೀಸಾಕ್ಕೆ ಕಾಯಬಾರದು ಎಂಬುದೇ ಅದಕ್ಕೆ ಕಾರಣ. ಸ್ವೀಡನ್ ಪಾಸ್‌ಪೋರ್ಟ್ ಇದ್ದವರಿಗೆ ಅಮೆರಿಕಕ್ಕೆ ವೀಸಾ ಬೇಡ. ಎಸ್ಟಾ ಎಂಬ ಅನುಮತಿಯನ್ನು ಕಂಪ್ಯೂಟರಿನಲ್ಲಿ ಮೊದಲೇ ಪಡೆದರೆ ಸಾಕು, ತೊಂಬತ್ತು ದಿನ ಇರಬಹುದು.

ದೀಪಾ ಮತ್ತೆ ಬಸುರಿ. ದಿನ ತುಂಬುತ್ತಾ ಬಂದಿತ್ತು. ಒಂದು ಬೆಳಗ್ಗೆ ಶಾಂತಕ್ಕ ನನ್ನ ಸಾಲಿನಲ್ಲೇ ನಿಂತಿದ್ದರು. ಗಂಡ ಕೆಲಸದ ಪಾಳಿ ಬಿಟ್ಟು ಬರಲಾಗದೆ, ಸಂಘದ ಪ್ರಸನ್ನ ಕಾರಿನಲ್ಲಿ ಕರೆತಂದಿದ್ದ. ಪ್ರಸನ್ನ ಐಟಿಯವನು, ಇಲ್ಲಿಗೆ ಬರುವ ಮೊದಲು ಅಮೆರಿಕದಲ್ಲಿ ಕೆಲಸ ಮಾಡಿದವನು. ಯಾರಿಗೆ ಏನು ಬೇಕಾದರೂ ಓಡಿ ಬರುವ ಹುಡುಗ. ಟಿಕೆಟನ್ನೂ ಅವನೇ ಮಾಡಿಸಿದ್ದ.

ಪರದೆಯ ಮೇಲೆ ವಾಪಸ್ ಬರುವ ತಾರೀಖು ನೋಡಿ ನನ್ನ ಕೈ ನಿಂತಿತು.

"ಶಾಂತಕ್ಕ, ವಾಪಸ್ ಟಿಕೆಟ್ ಐದು ತಿಂಗಳಿಗೆ ಇದೆಯಲ್ಲ?"

"ಹೌದು ದಿವಾಕರಣ್ಣ. ಚೊಚ್ಚಲು ಬಾಣಂತನ ನಮ್ಮಲ್ಲಿ ಐದು ತಿಂಗಳು. ಹೋದ ಸಲದ್ದನ್ನ ಲೆಕ್ಕಕ್ಕೆ ಹಿಡಿಯೋಕಾಗಲ್ವಲ್ಲ."

"ಎಸ್ಟಾದಲ್ಲಿ ತೊಂಬತ್ತು ದಿನ ಅಷ್ಟೇ."

ಪ್ರಸನ್ನ ಮುಂದೆ ಬಂದ. "ಅದನ್ನೆಲ್ಲ ಪ್ಲಾನ್ ಮಾಡಿದೀವಿ ಅಂಕಲ್. ಮಧ್ಯದಲ್ಲಿ ಒಂದು ವೀಕೆಂಡ್ ಟೊರಾಂಟೋಗೆ ಹೋಗ್ಬಿಡ್ತಾರೆ. ನಮ್ಮ ಕಸಿನ್ ಇದಾನೆ ಅಲ್ಲಿ. ವಾಪಸ್ ಎಂಟ್ರಿ ಆದ್ರೆ ಫ್ರೆಶ್ ತೊಂಬತ್ತು ದಿನ."

"ಆಗಲ್ಲ ಪ್ರಸನ್ನ. ಕೆನಡಾ ಸುತ್ತಿ ಬಂದ ದಿನವೂ ಅದೇ ತೊಂಬತ್ತರೊಳಗೆ ಸೇರುತ್ತೆ."

"ಏನ್ ಅಂಕಲ್, ನಾನೇ ಮಾಡಿದೀನಿ. ಸಿಯಾಟಲ್‌ನಿಂದ ವ್ಯಾಂಕೂವರ್‌ಗೆ ಡ್ರೈವ್ ಮಾಡ್ಕೊಂಡು ಹೋಗಿ ಬಂದೆ, ಹೊಸ ಡೇಟ್ ಕೊಟ್ರು."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನದು ಕೆಲಸದ ವೀಸಾ. ಅದಕ್ಕೆ ಆ ದಾರಿ ಇತ್ತು. ಎಸ್ಟಾಗೆ ಇಲ್ಲ. ನಾನು ಅದನ್ನು ಹೇಳಿದೆ, ಪರದೆ ತಿರುಗಿಸಿ ನಿಯಮವನ್ನೂ ತೋರಿಸಿದೆ. ಅವನು ಎರಡು ಸಲ ಓದಿ, ಮುಖ ಒರೆಸಿಕೊಂಡು, "ಸಾರಿ ಅಕ್ಕ" ಎಂದ. ಆ ಒಂದು ಮಾತಿಗೆ ನನಗೆ ಅವನ ಮೇಲೆ ಗೌರವ ಹೆಚ್ಚಿತು. ಹತ್ತು ಜನ ವಿದ್ಯಾವಂತರಲ್ಲಿ ಎಂಟು ಜನ ಆ ಜಾಗದಲ್ಲಿ 'ನಿಮ್ಮ ಮ್ಯಾನೇಜರನ್ನು ಕರೆಯಿರಿ' ಎನ್ನುತ್ತಾರೆ.

ಶಾಂತಕ್ಕ ಮಾತ್ರ ಒಪ್ಪಲಿಲ್ಲ.

"ತಾರೀಖು ಬದಲಾಯಿಸ್ಬೇಡಿ. ನೋಡಿದ್ರೂ ನೋಡದ ಹಾಗೆ ಬಿಟ್ಬಿಡಿ ಅಣ್ಣ. ಮೂರು ತಿಂಗಳಿಗೆ ನಾನು ಎದ್ದು ಬಂದ್ರೆ ಅವಳಿಗೆ ಎಣ್ಣೆ ಹಚ್ಚಿ ನೀರು ಹಾಕೋರು ಯಾರು? ಅಳಿಯಂಗೆ ಸ್ಟೋವ್ ಹಚ್ಚೋಕೂ ಬರಲ್ಲ."

"ಈ ತಾರೀಖಿಟ್ಟುಕೊಂಡು ಹತ್ತಿಸೋಕೆ ನನಗೆ ಬರೋದಿಲ್ಲ ಅಕ್ಕ. ಹತ್ತಿಸಿದ್ರೂ ಅಲ್ಲಿ ನಿಲ್ಲಿಸ್ತಾರೆ. ದಿನ ಮೀರಿ ನಿಂತ್ರೆ ಇನ್ನು ಮೇಲೆ ಎಸ್ಟಾ ಸಿಗೋದೇ ಇಲ್ಲ. ಪ್ರತಿ ಸಲ ವೀಸಾ, ಪ್ರತಿ ಸಲ ಕಾಯೋದು. ಹೋದ ಸಲದ ಹಾಗೆ."

'ಹೋದ ಸಲ' ಎಂದಿದ್ದೇ ತಡ, ಅವರು ಟಿಕೆಟನ್ನು ಪ್ರಸನ್ನನ ಕೈಗೆ ಕೊಟ್ಟರು. ಪ್ರಸನ್ನ ಟಿಕೆಟ್ ಕಚೇರಿಗೆ ಓಡಿದ. ಅವನು ಬರುವ ತನಕ ನಾನು ಅವರನ್ನು ಪಕ್ಕಕ್ಕೆ ನಿಲ್ಲಿಸಿ ಬೇರೆಯವರ ಪೆಟ್ಟಿಗೆ ತೆಗೆದುಕೊಂಡೆ. ಪ್ರತಿ ಪೆಟ್ಟಿಗೆಗೂ ಗಡಿಯಾರ ನೋಡುತ್ತಿದ್ದೆ. ಕೌಂಟರ್ ಮುಚ್ಚಿದರೆ ಅಂದಿನ ಪ್ರಯಾಣ ಮುಗಿದಂತೆ. ಆಗಲೇ ದೀಪಾಳ ಫೋನ್ ಬಂತು. ಬೆನ್ನು ನೋವು ಶುರುವಾಗಿದೆ, ಡಾಕ್ಟರು ದಿನಕ್ಕೆ ಮೊದಲೇ ಆಗಬಹುದು ಅಂದಿದ್ದಾರೆ. ಶಾಂತಕ್ಕ, "ಹೊರಟೆ ಪುಟ್ಟಿ, ಪ್ಲೇನ್ ಹತ್ತಿಯೇಬಿಟ್ಟೆ" ಎಂದರು. ನನ್ನ ಕಡೆ ನೋಡಲಿಲ್ಲ.

ಪ್ರಸನ್ನ ಹೊಸ ಟಿಕೆಟ್ ಹಿಡಿದು ಬಂದ. ವಾಪಸ್ ತಾರೀಖು ತೊಂಬತ್ತರೊಳಗೆ ಬಂದಿತ್ತು. ಈಗ ಪೆಟ್ಟಿಗೆಯ ತೂಕ ಜಾಸ್ತಿ ಎಂದಿತು ಯಂತ್ರ. ತೆಗೆದು ಹಗುರ ಮಾಡಲು ಶಾಂತಕ್ಕ ಅಲ್ಲೇ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿದರು. ಒಳಗೆ ತೊಳೆದು ಮೆತ್ತಗಾದ ಹಳೆಯ ಹತ್ತಿ ಸೀರೆಗಳು, ಕುಲಾವಿಗಳು, ಬಾಣಂತಿ ಲೇಹದ ಡಬ್ಬಿ, ಅಂಟಿನುಂಡೆ, ಬಜೆ, ಒಣಶುಂಠಿ. ಸೀರೆಗಳನ್ನು ಕೈಚೀಲಕ್ಕೆ ತುರುಕುತ್ತ ಅವರು ಬಾಯಲ್ಲೇ ಏನೋ ಒಪ್ಪಿಸುತ್ತಿದ್ದರು, ಪರೀಕ್ಷೆಗೆ ಹೊರಟ ಮಕ್ಕಳ ಹಾಗೆ.

"ಏನದು ಅಕ್ಕ?"

"ನಯಾಗರ. ಟೂರಿಸಂ. ನ್ಯೂಯಾರ್ಕ್. ಅಲ್ಲಿ ಕೇಳಿದ್ರೆ ಹೇಳೋಕೆ. ಮಗು ವಿಷಯ ಎತ್ತಲೇಬಾರದಂತೆ."

ಪ್ರಸನ್ನ ತಗ್ಗಿದ ದನಿಯಲ್ಲಿ ಹೇಳಿದ: "ಗ್ರೂಪ್‌ನಲ್ಲಿ ಎಲ್ರೂ ಹಾಗೇ ಹೇಳಿದ್ರು ಅಂಕಲ್. ಇವ್ರ ಕೆಲಸ ಡಾಗಿಸ್. ಹೋಗೋದು ಮಗು ನೋಡ್ಕೊಳ್ಳೋಕೆ. ಎರಡನ್ನೂ ಸೇರಿಸಿದ್ರೆ ಕೂಲಿಗೆ ಮಗು ನೋಡ್ಕೊಳ್ಳೋಕೆ ಬಂದೋಳು ಅಂದ್ಕೊಂಡು ವಾಪಸ್ ಕಳಿಸ್ತಾರಂತೆ."

ಅದು ಪೂರ್ತಿ ಅಂತೆಯೂ ಅಲ್ಲ. ಎಸ್ಟಾದಲ್ಲಿ ಹೋಗಿ ಕೂಲಿಗೆ ದುಡಿಯುವಂತಿಲ್ಲ, ಅದರ ಮೇಲೆ ಅವರ ಕಣ್ಣು ಇದ್ದೇ ಇರುತ್ತದೆ. ಆದರೆ ಹೆತ್ತ ಮಗಳನ್ನು ನೋಡಲು ತಾಯಿ ಹೋಗಬಾರದೆಂದು ಎಲ್ಲೂ ಇಲ್ಲ. ನನಗೆ ಹೆದರಿಕೆಯಾದದ್ದು ಪೆಟ್ಟಿಗೆ ನೋಡಿ. ಮಿನಿಯಾಪೊಲಿಸ್ ಟಿಕೆಟ್, ಪೆಟ್ಟಿಗೆ ತುಂಬ ಕುಲಾವಿ, ಬಾಯಲ್ಲಿ ನಯಾಗರ. ಸುಳ್ಳು ಸಿಕ್ಕಿಬಿದ್ದರೆ ಅಲ್ಲಿನ ಅಧಿಕಾರಿಗಳಿಗೆ ಬೇರೆ ತಪ್ಪು ಬೇಕಿಲ್ಲ, ವಾಪಸ್ ಕಳಿಸಲು ಸುಳ್ಳೇ ಸಾಕು.

ಎರಡು ಹೆಜ್ಜೆ ಆಚೆ ಇಂಗ್ರಿಡ್ ನಿಂತಿದ್ದಳು. ನಾನು ಪೆಟ್ಟಿಗೆಗೆ ಟ್ಯಾಗ್ ಕಟ್ಟುತ್ತ, ತಲೆ ಎತ್ತದೆ, ಕನ್ನಡದಲ್ಲಿ ಹೇಳಿದೆ:

"ಶಾಂತಕ್ಕ, ನಯಾಗರ ಬಿಟ್ಟುಬಿಡಿ. ಕೇಳಿದ್ದಕ್ಕೆ ಇದ್ದದ್ದು ಹೇಳಿ. ಮಗಳಿಗೆ ಹೆರಿಗೆ, ತಾಯಿ ಹೋಗ್ತಿದೀನಿ, ಡಾಗಿಸ್‌ನಲ್ಲಿ ರಜೆ ಹಾಕಿದೀನಿ, ಇಂಥ ದಿನ ವಾಪಸ್. ಅಷ್ಟೇ. ತಿಂಡಿ ಗಿಂಡಿ ಇದೆಯಾ ಅಂದ್ರೆ ಇದೆ ಅನ್ನಿ."

"ವಾಪಸ್ ಕಳಿಸಿದ್ರೆ?"

ಒಳಗೆ ಬಿಡುವುದೂ ಬಿಡದಿರುವುದೂ ಆ ಗಡಿಯಲ್ಲಿ ನಿಂತ ಅಧಿಕಾರಿಯ ಕೈಯಲ್ಲಿ. ಎಸ್ಟಾ ಇದ್ದ ಮಾತ್ರಕ್ಕೆ ಬಾಗಿಲು ತೆರೆದೇ ಇರುತ್ತದೆಂದಿಲ್ಲ. "ಗೊತ್ತಿಲ್ಲ ಅಕ್ಕ" ಎಂದೆ. "ಆದ್ರೆ ಇದ್ದದ್ದು ಹೇಳಿದ್ರೆ ಮಾತು ಮರೆತುಹೋಗೋ ಭಯ ಇರಲ್ಲ."

ಅವರು ಬೋರ್ಡಿಂಗ್ ಪಾಸ್ ತೆಗೆದುಕೊಂಡು ತಿರುಗಿ ನೋಡದೆ ಹೋದರು. ಇಂಗ್ರಿಡ್ ನನ್ನ ಹತ್ತಿರ ಬಂದಳು.

"ಏನು ಹೇಳಿದೆ ಅವಳಿಗೆ?"

"ಸುಖವಾಗಿ ಹೋಗಿ ಬಾ ಎಂದೆ."

"ಅಷ್ಟು ಉದ್ದಕ್ಕೆ?"

"ನಮ್ಮ ಭಾಷೆಯಲ್ಲಿ ಅದು ಸ್ವಲ್ಪ ಉದ್ದ."

ಅವಳು ನನ್ನನ್ನೊಮ್ಮೆ ನೋಡಿ ಪಕ್ಕದ ಕೌಂಟರಿಗೆ ಹೋದಳು. ಆ ದಿನ ಫೀಕಾ ಎನ್ನುವ ಇಲ್ಲಿನ ಕಾಫಿ ವಿರಾಮದಲ್ಲಿ ಎಲ್ಲರೂ ಕಾಫಿ ಕುಡಿಯುತ್ತ ಕೂತಿದ್ದಾಗ ನನ್ನ ಕಪ್ಪಿನಲ್ಲಿದ್ದದ್ದು ಹಾಗೇ ಆರಿತು. ಏಳನೇ ಕ್ಲಾಸಿನವನು ನಾನು, ಒಂದು ವಾಟ್ಸ್ಆಪ್ ಗುಂಪಿನ ಮಾತಿಗೆ ಎದುರು ನನ್ನ ಮಾತು ಇಟ್ಟು ಕಳಿಸಿದ್ದೆ. ಅದು ಸರಿಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ತಪ್ಪಾದರೆ ಒಬ್ಬ ತಾಯಿಗೆ ಎರಡನೇ ಸಲವೂ ಮಗಳ ಹೆರಿಗೆ ತಪ್ಪಿಹೋಗುತ್ತದೆ.

ರಾತ್ರಿ ಪ್ರಸನ್ನ ಫೋನ್ ಮಾಡಿದ. "ಅಂಕಲ್, ಚಿಕಾಗೋದಲ್ಲಿ ಫ್ಲೈಟ್ ಲ್ಯಾಂಡ್ ಆಗಿ ತುಂಬಾ ಹೊತ್ತಾಯ್ತು. ಅಕ್ಕನ ಫೋನ್ ಹೋಗ್ತಿಲ್ಲ. ಮಿನಿಯಾಪೊಲಿಸ್ ಫ್ಲೈಟ್‌ನಲ್ಲಿ ಅವ್ರು ಹತ್ತಿಲ್ವಂತೆ. ದೀಪಾನ ಆಸ್ಪತ್ರೆಗೆ ಸೇರಿಸಿದಾರೆ. ನೀವು ಅವ್ರಿಗೆ ಆ ಮಾತು ಹೇಳಬಾರದಿತ್ತೇನೋ ಅಂಕಲ್."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಹಡಗಿನಲ್ಲಿ ಬಿರುಗಾಳಿ ಕಂಡವನು. ಆದರೂ ಆ ರಾತ್ರಿ ಫೋನನ್ನು ಎದುರಿಗಿಟ್ಟುಕೊಂಡು ಬೆಳಗಿನ ತನಕ ಕೂತೇ ಇದ್ದೆ.

ಚಿಕಾಗೋದಲ್ಲಿ ನಡೆದದ್ದನ್ನು ಆಮೇಲೆ ಶಾಂತಕ್ಕನೇ ಹೇಳಿದರು. ಕಿಟಕಿಯ ಹಿಂದಿದ್ದ ಅಧಿಕಾರಿ ಯಾಕೆ ಬಂದೆ ಎಂದಾಗ ನಯಾಗರವೂ ನ್ಯೂಯಾರ್ಕೂ ನಾಲಿಗೆಯ ತುದಿಗೆ ಬಂದವಂತೆ. ಆಮೇಲೆ ಇದ್ದದ್ದು ಹೇಳಿದರಂತೆ. ಅವನು ಕೆಲಸ ಕೇಳಿದ. ಮಕ್ಕಳನ್ನು ನೋಡಿಕೊಳ್ಳುವುದು ಎಂದರು. ಅಷ್ಟಕ್ಕೆ ಒಳಗಿನ ಕೋಣೆಗೆ ಕಳಿಸಿದರು. ಅಲ್ಲಿ ತುಂಬಾ ಹೊತ್ತು ಕಾದ ಮೇಲೆ ಇನ್ನೊಬ್ಬಳು ಅಧಿಕಾರಿ ಪೆಟ್ಟಿಗೆ ಬಿಚ್ಚಿ, ಸೀರೆ ಕೊಡವಿ, ಲೇಹದ ಡಬ್ಬಿ ಮೂಸಿ, ಬಜೆಯ ಬೇರನ್ನು ಪಕ್ಕಕ್ಕೆ ತೆಗೆದಿಟ್ಟು ಕೇಳಿದಳು: ಮಗು ನೋಡಿಕೊಳ್ಳುವುದಕ್ಕೆ ನಿನಗೆ ಎಷ್ಟು ಕೊಡುತ್ತಾರೆ?

"ನನಗೆ ಎಲ್ಲಿತ್ತೋ ಸಿಟ್ಟು, ದಿವಾಕರಣ್ಣ. ಭಯ ಎಲ್ಲ ಹೋಯ್ತು. ನಿನ್ನ ಹೆತ್ತಾಗ ನಿಮ್ಮಮ್ಮಂಗೆ ನಿಮ್ಮಜ್ಜಿ ಎಷ್ಟು ಬಿಲ್ ಕೊಟ್ಳಮ್ಮ ಅಂತ ಕೇಳ್ಬಿಟ್ಟೆ. ನನ್ನ ಇಂಗ್ಲಿಷ್‌ನಲ್ಲಿ ಹೇಗೆ ಬಂತೋ ದೇವರಿಗೇ ಗೊತ್ತು."

ಆ ಹೆಂಗಸು ತಲೆ ಎತ್ತಿ ನೋಡಿದಳಂತೆ. ವಾಪಸ್ ಟಿಕೆಟ್ ಕೇಳಿದಳು. ಶಾಂತಕ್ಕ ತೋರಿಸಿದರು. ತಾರೀಖು ತೊಂಬತ್ತರೊಳಗೇ ಇತ್ತು. ಮುದ್ರೆ ಒತ್ತಿ, ಪೆಟ್ಟಿಗೆ ಮುಚ್ಚಲು ಅವಳೇ ಮೇಲೆ ಕೈ ಒತ್ತಿ ಹಿಡಿದಳಂತೆ.

ಮುಂದಿನ ವಿಮಾನ ತಪ್ಪಿತ್ತು, ಫೋನಿನ ಚಾರ್ಜ್ ಸತ್ತಿತ್ತು. ಮರುದಿನ ಬೆಳಗಿನ ವಿಮಾನದಲ್ಲಿ ಹೋಗಿ ಆಸ್ಪತ್ರೆ ಮುಟ್ಟಿದಾಗ ದೀಪಾ ಇನ್ನೂ ನೋವು ತಿನ್ನುತ್ತಿದ್ದಳು. ಮಗಳ ಕೈ ಇವರ ಕೈಯಲ್ಲಿದ್ದಾಗಲೇ ಮಗು ಅತ್ತಿತು. ಹೆಣ್ಣು ಮಗು.

ನನಗೆ ಸುದ್ದಿ ಮುಟ್ಟಿದ್ದು ಕೌಂಟರಿನಲ್ಲಿ, ಸಾಲು ತುಂಬಿದ್ದಾಗ. ಫೋನ್ ನೋಡಿ ಜೇಬಿಗೆ ಹಾಕಿ ಮುಂದಿನ ಪಾಸ್‌ಪೋರ್ಟ್ ತೆಗೆದುಕೊಂಡೆ. ಅಕ್ಷರಗಳು ಸ್ವಲ್ಪ ಹೊತ್ತು ಕಾಣಲಿಲ್ಲ.

ಶಾಂತಕ್ಕ ಹೇಳಿದ ದಿನಕ್ಕೇ ಹಿಂತಿರುಗಿದರು. ನನಗೆ ಒಂದು ಒಳ್ಳೆಯ ಮಾತು ಸಿಗಬಹುದೆಂದು ಕಾದಿದ್ದೆ, ಸುಳ್ಳೇಕೆ ಹೇಳಲಿ. ಸಂಘದ ಊಟದಲ್ಲಿ ಸಿಕ್ಕಾಗ ಅವರು ಹೇಳಿದ್ದು: "ಈಗಿನ್ನೂ ನನ್ನ ಮುಖ ಗುರುತು ಹಿಡಿದು ನಗೋಕೆ ಶುರು ಮಾಡಿತ್ತು ಕೂಸು. ಎತ್ತಿಕೊಂಡ್ರೆ ಬಿಡ್ತಿರಲಿಲ್ಲ. ಬಿಡಿಸ್ಕೊಂಡು ಬಂದೆ. ನಿಮ್ಮ ತೊಂಬತ್ತು ದಿನಕ್ಕೆ ಬೆಂಕಿ ಹಾಕ." ನನ್ನ ತೊಂಬತ್ತು ದಿನವಂತೆ! ನಾನು ಬಟ್ಟಲಿನ ಪಾಯಸ ಮುಗಿಸಿದೆ. ಈ ಕೆಲಸದಲ್ಲಿ ನಿಮಗೆ ಇಂಥ ಮಾತೇ ಹೆಚ್ಚು ಸಿಗುತ್ತದೆ, ಈಗಲೇ ತಿಳಿದಿರಲಿ.

ಇಂಗ್ರಿಡ್ ಒಮ್ಮೆ ಕೇಳಿದಳು, "ಆ ಹೆಂಗಸು ವಾಪಸ್ ಬಂದಳಾ?"

"ಬಂದಳು. ಹೇಳಿದ ದಿನಕ್ಕೇ."

"ಒಳ್ಳೆಯದು." ಹೊರಟವಳು ತಿರುಗಿ, "ಇನ್ನೊಂದು ಸಲ ನಿನ್ನ ಉದ್ದದ ಶುಭಾಶಯ ಬೇಡ" ಎಂದಳು. ಅವಳಿಗೆ ಮೊದಲಿಂದಲೂ ಗೊತ್ತಿತ್ತು.

ನಾನು ನಿವೃತ್ತನಾಗುವ ಮೊದಲು ಶಾಂತಕ್ಕ ಮತ್ತೊಮ್ಮೆ ನನ್ನ ಸಾಲಿಗೆ ಬಂದರು. ಮೊಮ್ಮಗಳ ಹುಟ್ಟುಹಬ್ಬ. ಯಾರೂ ಜೊತೆಗಿರಲಿಲ್ಲ. ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿದೆ. ಪರದೆ ಒಂದು ಕ್ಷಣ ಯೋಚಿಸಿತು. ಆ ಒಂದು ಕ್ಷಣ ನನ್ನ ಬೆನ್ನು ಬೆವರಿತು, ಅಷ್ಟು ವರ್ಷದ ಮೇಲೂ. ಹಸಿರು ಬಂತು. ಇಂಗ್ರಿಡ್ ಪಕ್ಕದಲ್ಲೇ ಇದ್ದಳು. ನಾನು ಬಾಯಿ ತೆರೆಯುವ ಮೊದಲೇ ಶಾಂತಕ್ಕ ಕೈ ಅಡ್ಡ ಹಿಡಿದರು.

"ಮೊಮ್ಮಗಳನ್ನ ನೋಡೋಕೆ. ಕೆಲಸ ಡಾಗಿಸ್‌ನಲ್ಲಿ. ತಿಂಡಿ ಇದೆ, ಬಜೆ ಇಲ್ಲ. ಶಾಲೆ ಶುರುವಾಗೋ ಮೊದಲು ವಾಪಸ್. ಸಾಕಾ ದಿವಾಕರಣ್ಣ, ಇನ್ನೇನಾದ್ರೂ ಹೇಳ್ಬೇಕಾ?"

"ಸಾಕು ಅಕ್ಕ" ಎಂದು ಬೋರ್ಡಿಂಗ್ ಪಾಸ್ ಕೊಟ್ಟೆ. ಅವರು ಗಾಜಿನ ಬಾಗಿಲು ದಾಟುವ ತನಕ ನೋಡುತ್ತಲೇ ಇದ್ದೆ. ಹಿಂದಿನವರು ಆಗಲೇ ಪೆಟ್ಟಿಗೆ ಇಟ್ಟಾಗಿತ್ತು.